ಶಿವರಾತ್ರಿಯಿಂದ ಬುದ್ಧ ಪೂರ್ಣಿಮೆಯವರೆಗೆ: ಮುಂಬಯಿಯ ಕಾಡು, ಖಾಡಿಗಳಲ್ಲಿ ವನ್ಯಜೀವಿ ಗಣತಿಗೆ ಸ್ವಯಂಸೇವಕರಾಗುವ ಬಗೆ

ಶಿವರಾತ್ರಿಗೆ ಚಳಿ ಶಿವಶಿವ ಎನ್ನುತ್ತ ಓಡಿಹೋಗುತ್ತದೆ ಎಂಬ ಮಾತು ಮುಂಬಯಿಗೆ ಅಷ್ಟಾಗಿ ಒಪ್ಪುವುದಿಲ್ಲ. ಓಡಿಹೋಗುವಷ್ಟು ಚಳಿ ಇಲ್ಲಿಗೆ ಬಂದಿರುವುದೇ ಇಲ್ಲ. ಆದರೆ ಋತು ಬದಲಾದದ್ದು ಕಾಡಿಗೆ ಗೊತ್ತಾಗುತ್ತದೆ. ಬೋರಿವಲಿಯ ರಾಷ್ಟ್ರೀಯ ಉದ್ಯಾನದಲ್ಲಿ ಬೂರುಗ ಎಲೆ ಕಳಚಿ ಹೂವಿಗೆ ನಿಲ್ಲುತ್ತದೆ, ಅದರ ಬೆನ್ನಿಗೇ ಮುತ್ತುಗ ಮತ್ತು ಹಾಲುವಾಣ. ಹಳ್ಳಗಳು ಬತ್ತುತ್ತ ನೀರು ಕೆಲವೇ ಗುಂಡಿಗಳಲ್ಲಿ ಉಳಿಯುತ್ತದೆ. ಸಮುದ್ರದ ನೀರು ಒಳಬರುವ ಠಾಣೆ ಖಾಡಿಯಲ್ಲಿ ರಾಜಹಂಸಗಳ ಹಿಂಡು ದಟ್ಟವಾಗಿರುತ್ತದೆ. ಎಲೆ ಉದುರಿದ ಕಾಡಿನಲ್ಲಿ ಹಕ್ಕಿ ಕಣ್ಣಿಗೆ ಬೀಳುತ್ತದೆ, ನೀರು ಕಡಿಮೆಯಾದಷ್ಟೂ ಪ್ರಾಣಿಗಳು ಇದ್ದ ನೀರಿನ ಬಳಿಗೇ ಬರುತ್ತವೆ. ಗಣತಿಯ ಕೆಲಸಕ್ಕೆ ಹೊಸಬರು ಕೈಹಾಕಲು ಇದಕ್ಕಿಂತ ಅನುಕೂಲದ ಕಾಲವಿಲ್ಲ.

ಹೊರಡುವ ಮೊದಲೇ ಒಂದು ಮಾತು ಸ್ಪಷ್ಟವಾಗಿರಲಿ. ದೊಡ್ಡ ಪ್ರಾಣಿ ನೋಡಲೇಬೇಕೆಂಬ ಹಂಬಲವಿದ್ದರೆ ಸಫಾರಿ ಬಸ್ಸಿನ ಟಿಕೆಟ್ ತೆಗೆದುಕೊಳ್ಳಿ, ಖರ್ಚೂ ಕಡಿಮೆ, ನಿರಾಶೆಯೂ ಕಡಿಮೆ. ಗಣತಿ ಎಂದರೆ ಅದೇ ಜಾಗಕ್ಕೆ, ಅದೇ ಹೊತ್ತಿಗೆ, ಅದೇ ರೀತಿಯಲ್ಲಿ ಮತ್ತೆ ಮತ್ತೆ ಹೋಗಿ ಕಂಡದ್ದನ್ನು ಬರೆಯುವುದು. ಏನೂ ಕಾಣದಿದ್ದರೆ ‘ಏನೂ ಕಾಣಲಿಲ್ಲ’ ಎಂದು ಬರೆಯುವುದು. ಈ ಎರಡನೆಯ ವಾಕ್ಯ ಬರೆಯಲು ಕೈ ಬಾರದವರು ಈ ಕೆಲಸಕ್ಕೆ ಆಗಿಬರುವುದಿಲ್ಲ.

ಹಂತ 1: ಮನೆಗೆ ಹತ್ತಿರದ ಜಾಗ ಆರಿಸಿಕೊಳ್ಳಿ

ಹೆಸರುವಾಸಿ ಜಾಗಕ್ಕಿಂತ ಹತ್ತಿರದ ಜಾಗ ಮೇಲು. ಎರಡು ರೈಲು, ಒಂದು ರಿಕ್ಷಾ ಬದಲಿಸಿ ಹೋಗಬೇಕಾದಲ್ಲಿಗೆ ಉತ್ಸಾಹ ಮೂರನೆಯ ವಾರಕ್ಕೇ ಮುಗಿಯುತ್ತದೆ.

ಬೋರಿವಲಿ, ಕಾಂದಿವಲಿ, ಮಲಾಡ್ ಕಡೆಯವರಿಗೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ಇದೆ. ಸುಮಾರು 104 ಚದರ ಕಿಲೋಮೀಟರ್ ಕಾಡು, ಒಳಗೆ ತುಳಸಿ ಮತ್ತು ವಿಹಾರ್ ಕೆರೆಗಳು, ಕಾನ್ಹೇರಿಯ ಗುಹೆಗಳು. ಸೋಮವಾರ ಪ್ರವೇಶವಿಲ್ಲ. ಗೋರೆಗಾಂವ್‌ನವರಿಗೆ ಫಿಲ್ಮ್ ಸಿಟಿ ಪಕ್ಕದಲ್ಲೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂರಕ್ಷಣಾ ಶಿಕ್ಷಣ ಕೇಂದ್ರವಿದೆ. ಕಾಡಿಗೆ ಅಂಟಿಕೊಂಡ 33 ಎಕರೆ ಜಾಗ. 1883ರಲ್ಲಿ ಹುಟ್ಟಿದ ಈ ಸಂಸ್ಥೆಯ ನಿಸರ್ಗ ನಡಿಗೆಗಳಲ್ಲಿ ಪಳಗಿದವರ ಜೊತೆ ಓಡಾಡಿ ಕಲಿಯಬಹುದು.

ಡೊಂಬಿವಲಿ, ಕಲ್ಯಾಣ, ಠಾಣೆ, ಮುಲುಂಡ್‌ಗಳಲ್ಲಿ ನಮ್ಮ ಕನ್ನಡಿಗರ ಸಂಖ್ಯೆ ದೊಡ್ಡದು. ಅವರಿಗೆ ಠಾಣೆ ಖಾಡಿ ರಾಜಹಂಸ ಅಭಯಾರಣ್ಯ ಹತ್ತಿರ. 2015ರಲ್ಲಿ ಘೋಷಣೆಯಾದ ಈ ಅಭಯಾರಣ್ಯ ಸುಮಾರು 17 ಚದರ ಕಿಲೋಮೀಟರ್ ಇದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಉಳಿದದ್ದು ನೀರು. 2022ರಲ್ಲಿ ಇದು ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಐರೋಲಿಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರದಿಂದ ದೋಣಿ ಹೊರಡುತ್ತದೆ. ಪನ್ವೇಲ್ ಕಡೆಯವರಿಗೆ ಗೋವಾ ಹೆದ್ದಾರಿಯಲ್ಲಿ ಕರ್ನಾಳಾ ಪಕ್ಷಿಧಾಮವಿದೆ. ಮಾಟುಂಗಾ, ಸಾಯನ್, ವಡಾಳಾದವರು ದೂರ ಹೋಗಬೇಕಾಗಿಲ್ಲ. ಧಾರಾವಿಯ ಪಕ್ಕದ ಮಹಾರಾಷ್ಟ್ರ ನೇಚರ್ ಪಾರ್ಕ್ ಒಂದು ಕಾಲದಲ್ಲಿ ಕಸದ ಗುಡ್ಡೆಯಾಗಿತ್ತು, ಇಂದು ಮಿಠಿ ನದಿಯ ದಂಡೆಯ ಪುಟ್ಟ ಕಾಡು. ಮರ, ಚಿಟ್ಟೆ, ಹಕ್ಕಿಗಳ ಲೆಕ್ಕ ಕಲಿಯಲು ಅಷ್ಟು ಸಾಕು.

ಹಂತ 2: ಅನುಮತಿ, ಕಾಗದ, ಪರಿಚಯ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದೊಳಗೆ ಹೋಗಲು ಅನುಮತಿ ಬೇಕು. ಬಾಗಿಲಲ್ಲಿ ಕೊಡುವ ಟಿಕೆಟ್ ಪ್ರವಾಸಿಗರ ದಾರಿಗೆ ಮಾತ್ರ ಅನುಮತಿ. ಬೆಳಗಿನ ವಾಯುವಿಹಾರದ ಪಾಸು ವಾಯುವಿಹಾರಕ್ಕೆ ಮಾತ್ರ. ಗಣತಿಗಾಗಿ ದಾರಿ ಬಿಟ್ಟು ಒಳಹೋಗುವುದಾದರೆ ಅರಣ್ಯ ಇಲಾಖೆಯ ಲಿಖಿತ ಒಪ್ಪಿಗೆ ಬೇಕು, ಜೊತೆಗೆ ಅವರ ಸಿಬ್ಬಂದಿಯೂ ಇರಬೇಕು. ‘ನಾವು ಒಳ್ಳೆಯ ಕೆಲಸಕ್ಕೇ ಬಂದದ್ದಲ್ಲವೆ’ ಎಂಬ ವಾದ ಅಲ್ಲಿ ನಡೆಯುವುದಿಲ್ಲ. ನಡೆಯಲೂಬಾರದು.

ಒಬ್ಬರೇ ಅರ್ಜಿ ಹಿಡಿದು ಹೋಗುವುದಕ್ಕಿಂತ ಈಗಾಗಲೇ ಇಲಾಖೆಯ ಜೊತೆ ಕೆಲಸ ಮಾಡುತ್ತಿರುವ ಸಂಸ್ಥೆಯ ಮೂಲಕ ಸೇರುವುದು ಸುಲಭ. ಗುರುತಿನ ಚೀಟಿಯ ಪ್ರತಿ, ಭಾವಚಿತ್ರ, ತುರ್ತಿಗೆ ಸಂಪರ್ಕಿಸಬೇಕಾದವರ ಸಂಖ್ಯೆ ಸಿದ್ಧವಿರಲಿ. ಎಷ್ಟು ದಿನ ಬರಬಲ್ಲಿರಿ ಎಂದು ಕೇಳಿದರೆ ಕಡಿಮೆಯೇ ಹೇಳಿ. ಪ್ರತಿ ಭಾನುವಾರ ಬರುತ್ತೇನೆ ಎಂದು ಎರಡು ಸಲ ಬಂದವರಿಗಿಂತ, ತಿಂಗಳಿಗೆ ಒಂದು ದಿನ ಎಂದು ಹೇಳಿ ತಪ್ಪದೆ ಬರುವವರನ್ನು ಇಲಾಖೆ ನೆನಪಿಟ್ಟುಕೊಳ್ಳುತ್ತದೆ.

ಇನ್ನೊಂದು ಸಿದ್ಧತೆ ಭಾಷೆಯದು. ಅರಣ್ಯ ರಕ್ಷಕರೂ ಪಾಡಾಗಳ, ಅಂದರೆ ಆದಿವಾಸಿ ಹಾಡಿಗಳ, ವಾರ್ಲಿ ಹಿರಿಯರೂ ಹೇಳುವುದು ಮರಾಠಿ ಹೆಸರುಗಳನ್ನು. ಚಿರತೆ ಎಂದರೆ ಬಿಬಟ್ಯಾ, ಚುಕ್ಕೆ ಜಿಂಕೆ ಚಿತಳ, ಕಡವೆ ಸಾಂಬರ್, ಕಾಡುಕುರಿ ಭೇಕರ್, ಮುಳ್ಳುಹಂದಿ ಸಾಳಿಂದರ್, ಕಾಡುಹಂದಿ ರಾನಡುಕ್ಕರ್. ಪಾಡಾದಲ್ಲಿ ಯಾರಾದರೂ ‘ವಾಘ್’ ಬಂದಿತ್ತು ಎಂದರೆ ಹುಲಿ ಎಂದು ಬರೆದುಕೊಳ್ಳಬೇಡಿ. ಚಿರತೆಯನ್ನೂ ಹಾಗೆನ್ನುವುದುಂಟು, ಅವರು ಪೂಜಿಸುವ ವಾಘೋಬಾ ಎರಡಕ್ಕೂ ದೇವರು. ಕೇಳಿ ಖಚಿತ ಮಾಡಿಕೊಂಡು ಬರೆಯಿರಿ. ಹಿರಿಯರನ್ನು ‘ಕಾಕಾ’, ‘ಮಾವಶಿ’ ಎಂದು ಕರೆದು ಮಾತಾಡಿಸಿದರೆ ನಾಲ್ಕು ವಿಷಯ ಹೆಚ್ಚೇ ತಿಳಿಯುತ್ತದೆ.

ಹಂತ 3: ಕಾಡಿಗೆ ಹೋಗುವ ಮೊದಲು ಕಿಟಕಿಯಲ್ಲಿ ಕಲಿಯಿರಿ

ಇಪ್ಪತ್ತು ಹಕ್ಕಿಗಳನ್ನು ನೋಡಿ, ಹತ್ತನ್ನು ದನಿಯಿಂದ ಗುರುತಿಸಲು ಬಂದರೆ ಆರಂಭಕ್ಕೆ ಧಾರಾಳವಾಯಿತು. ಕಾಗೆಯಲ್ಲೇ ಎರಡು ಬಗೆ ಎಂಬಲ್ಲಿಂದ ಶುರುಮಾಡಿ. ಕತ್ತು ಬೂದು ಬಣ್ಣದ್ದು ಊರಕಾಗೆ, ಪೂರ್ತಿ ಕಪ್ಪು ಕಾಡುಕಾಗೆ. ಆಮೇಲೆ ಗೊರವಂಕ, ಪಿಕಳಾರ, ಸೂರಕ್ಕಿ, ಮಡಿವಾಳ, ಕಾಜಾಣ, ಮಿಂಚುಳ್ಳಿ. ವಸಂತದಲ್ಲಿ ದನಿ ಕಲಿಯುವುದು ಸುಲಭ, ಏಕೆಂದರೆ ಹಕ್ಕಿಗಳು ಕೂಗುವುದನ್ನು ನಿಲ್ಲಿಸುವುದೇ ಇಲ್ಲ. ಕೋಗಿಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತಾಮ್ರದ ಪಾತ್ರೆ ಬಡಿದಂತೆ ಟಂಕ್ ಟಂಕ್ ಎಂದು ಒಂದೇ ಲಯದಲ್ಲಿ ಮಧ್ಯಾಹ್ನವೆಲ್ಲ ಕೇಳಿಸುವುದು ಕಂಚುಕುಟಿಗ.

ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಜಗತ್ತಿನಾದ್ಯಂತ ನಡೆಯುತ್ತದೆ. ಕನಿಷ್ಠ ಹದಿನೈದು ನಿಮಿಷ ಒಂದೆಡೆ ನಿಂತು ಕಂಡ ಹಕ್ಕಿಗಳನ್ನೆಲ್ಲ ಎಣಿಸಿ ‘ಇಬರ್ಡ್’ ಎಂಬ ಅಂತರ್ಜಾಲ ತಾಣದಲ್ಲಿ ದಾಖಲಿಸುವುದು ಅದರ ಕ್ರಮ. ಕಟ್ಟಡದ ತಾರಸಿಯಿಂದಲೂ ಮಾಡಬಹುದು. ಕಾಡಿನ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ತಾಲೀಮಿಲ್ಲ.

ದನಿ ಕೇಳಿ ಹೆಸರು ಹೇಳುವ ‘ಮರ್ಲಿನ್’ ಆ್ಯಪ್ ಕಲಿಯುವವರಿಗೆ ಒಳ್ಳೆಯ ಜೊತೆ. ಆದರೆ ಅದು ಹೇಳಿತೆಂಬ ಒಂದೇ ಕಾರಣಕ್ಕೆ ಹೆಸರು ದಾಖಲಿಸಬೇಡಿ. ಭೀಮರಾಜ ಹತ್ತಾರು ಹಕ್ಕಿಗಳ ಕೂಗನ್ನು ಅಣಕಿಸುತ್ತದೆ. ಮೊಬೈಲ್ ಪಟ್ಟಿ ಕೊಟ್ಟ ಗಿಡುಗ ನಿಜವಾಗಿ ಕೊಂಬೆಯ ಮೇಲಿನ ಭೀಮರಾಜನೇ ಆಗಿರಬಹುದು.

ಹಂತ 4: ಚೀಲ

ದುರ್ಬೀನು 8x42 ಸಾಕು. ಎಂಟು ಪಟ್ಟು ದೊಡ್ಡದು ಮಾಡುತ್ತದೆ, 42 ಮಿಲಿಮೀಟರ್ ಮಸೂರ ಮುಸ್ಸಂಜೆಯ ಮಂದ ಬೆಳಕಿಗೂ ಸಾಕಾಗುತ್ತದೆ. ಇದಕ್ಕಿಂತ ಹೆಚ್ಚು ಪಟ್ಟಿನದು ಕೈಯಲ್ಲಿ ನಡುಗುತ್ತದೆ. ಹಕ್ಕಿ ಗುರುತಿಸಲು ಬಾರದೆಯೇ ಲಕ್ಷ ರೂಪಾಯಿಯ ಲೆನ್ಸ್ ಕೊಳ್ಳುವುದು ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿದಂತೆ.

ಬರೆಯಲು ಸೀಸದ ಕಡ್ಡಿ ಒಯ್ಯಿರಿ, ಬೆವರಿಗೂ ನೀರಿಗೂ ಕದಡುವುದಿಲ್ಲ. ಎರಡು ಲೀಟರ್ ನೀರು, ಉಪ್ಪು ಸಕ್ಕರೆಯ ಪೊಟ್ಟಣ, ಟೋಪಿ, ಕಾಲು ಮುಚ್ಚುವ ಬೂಟು, ಉದ್ದ ಕಾಲುಚೀಲ. ಬಟ್ಟೆ ಮಾಸಲು ಹಸಿರು ಅಥವಾ ಮಣ್ಣಿನ ಬಣ್ಣದ್ದಾಗಿರಲಿ, ಬಿಳಿ ಬೇಡ. ಅತ್ತರು ಬೇಡ. ತಿಂಡಿ ಸದ್ದಿಲ್ಲದ್ದೂ ಘಾಟಿಲ್ಲದ್ದೂ ಆಗಿರಬೇಕು. ಚಪಾತಿ ಸುರುಳಿ, ಅವಲಕ್ಕಿ ಉಂಡೆ ಸರಿ. ಕುರುಕಲು ಚಕ್ಕುಲಿ, ಸದ್ದು ಮಾಡುವ ಚಿಪ್ಸ್ ಪೊಟ್ಟಣ ಮನೆಯಲ್ಲೇ ಇರಲಿ. ರಾತ್ರಿಗೆ ಕೆಂಪು ಬೆಳಕಿನ ಟಾರ್ಚು.

ಹಂತ 5: ಮರದ ಲೆಕ್ಕದಿಂದ ಆರಂಭಿಸಿ

ಹೆಚ್ಚಿನವರು ತಾತ್ಸಾರ ಮಾಡುವ ಈ ಕೆಲಸವನ್ನೇ ನಾನು ಹೊಸಬರಿಗೆ ಮೊದಲು ಹೇಳುವುದು. ಮರ ಓಡಿಹೋಗುವುದಿಲ್ಲ, ಅನುಮತಿಯ ತಕರಾರೂ ಕಡಿಮೆ. ‘ಸೀಸನ್‌ವಾಚ್’ ಎಂಬ ದೇಶವ್ಯಾಪಿ ಯೋಜನೆಯಲ್ಲಿ ನಾಗರಿಕರು ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಅದರ ಸ್ಥಿತಿಯನ್ನು ದಾಖಲಿಸುತ್ತಾರೆ. ಕ್ರಮ ಹೀಗಿದೆ:

1. ಪ್ರವಾಸಿ ದಾರಿಯ ಪಕ್ಕದಲ್ಲಿ ಸುಲಭವಾಗಿ ಕಾಣುವ, ಬಲಿತ, ಆರೋಗ್ಯವಾದ ಮರ ಆರಿಸಿ. ಬೂರುಗ, ಮುತ್ತುಗ, ಕಕ್ಕೆ, ಹೊಂಗೆ ಯಾವುದಾದರೂ ಆದೀತು. ಹೂವು ಕಂಡು ಆರಿಸಬೇಡಿ. ಹೂ ಬಿಟ್ಟಿರುವ ಮರವನ್ನೇ ಎಲ್ಲರೂ ಆರಿಸಿದರೆ ಹೂ ಬಿಡದ ಮರಗಳ ಕಥೆ ದಾಖಲೆಗೇ ಬರುವುದಿಲ್ಲ.
2. ಪ್ರತಿ ವಾರ ಅದೇ ಕಡೆಯಿಂದ ನೋಡಿ. ಚಿಗುರು, ಬಲಿತ ಎಲೆ, ಹಣ್ಣೆಲೆ, ಮೊಗ್ಗು, ಅರಳಿದ ಹೂವು, ಕಾಯಿ, ಹಣ್ಣು ಒಂದೊಂದನ್ನೂ ಬೇರೆ ಬೇರೆಯಾಗಿ ‘ಇಲ್ಲ’, ‘ಸ್ವಲ್ಪ’, ‘ಬಹಳ’ ಎಂದು ಗುರುತಿಸಿ. ಮರದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಸ್ವಲ್ಪ.
3. ಒಂದು ಚಿತ್ರ ತೆಗೆಯಿರಿ, ಪ್ರತಿ ಸಲವೂ ಅದೇ ಜಾಗದಿಂದ.

ಇಷ್ಟೇ. ಹೂವಿನ ಕಾಲದಲ್ಲಿ ಬೂರುಗದ ಕೆಳಗೆ ಹದಿನೈದು ನಿಮಿಷ ಹೆಚ್ಚಿಗೆ ನಿಲ್ಲಿ. ಅಂಗೈಯಗಲದ ಕೆಂಪು ಹೂವು ಬಟ್ಟಲಿನಂತೆ ಮೇಲಕ್ಕೆ ತೆರೆದಿರುತ್ತದೆ, ತಳದಲ್ಲಿ ಮಕರಂದ. ಗೊರವಂಕ ತಲೆ ತೂರಿಸಿ ಎತ್ತಿದಾಗ ಹಣೆಯ ತುಂಬ ಪರಾಗದ ಪುಡಿ. ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲಕ್ಕೆ ಬಂದ ಗುಲಾಬಿ ಮೈನಾಗಳು ಹಿಂಡುಹಿಂಡಾಗಿ ಇಳಿದು ಜಗಳವಾಡುತ್ತವೆ, ಏಪ್ರಿಲ್ ಹೊತ್ತಿಗೆ ಹೊರಟುಹೋಗುತ್ತವೆ. ಕಾಜಾಣ ಮಕರಂದವನ್ನೂ ಕುಡಿಯುತ್ತದೆ, ಅದಕ್ಕೆ ಮುತ್ತಿದ ಹುಳುವನ್ನೂ ಹಿಡಿಯುತ್ತದೆ. ಮುಸುವ ಬಂದರೆ ಮೊಗ್ಗನ್ನೇ ಕಿತ್ತು ತಿನ್ನುತ್ತದೆ. ಹೂವು ದಪ್ಪನೆ ನೆಲಕ್ಕೆ ಬಿದ್ದ ಸದ್ದಿಗೆ ಕೆಳಗೆ ಜಿಂಕೆ ಹಾಜರಾಗುವುದೂ ಉಂಟು. ಯಾರು ಬಂದರು, ಹೂವಿಗೋ ಮೊಗ್ಗಿಗೋ ಹುಳುವಿಗೋ ಎಂದು ಬರೆದಿಟ್ಟರೆ ಒಂದು ಮರ ಎಷ್ಟು ಜೀವಿಗಳಿಗೆ ಊಟ ಹಾಕುತ್ತದೆ ಎಂಬ ಲೆಕ್ಕ ಕೈಗೆ ಸಿಗುತ್ತದೆ.

ಹಂತ 6: ಬೆಳಗಿನ ಹಕ್ಕಿ ನಡಿಗೆ

ಸೂರ್ಯ ಹುಟ್ಟಿದ ಎರಡು ಗಂಟೆಯೊಳಗೆ ಮುಗಿಸಿ. ನಿಗದಿತ ದಾರಿ, ನಿಗದಿತ ಉದ್ದ, ಗಂಟೆಗೆ ಒಂದು ಕಿಲೋಮೀಟರ್‌ನಷ್ಟು ನಿಧಾನ. ಆರಂಭದ ಹೊತ್ತು, ನಡೆದ ದೂರ, ಎಷ್ಟು ಜನ ನೋಡುತ್ತಿದ್ದೀರಿ ಎಂಬ ಮೂರು ವಿವರ ಇಲ್ಲದ ಪಟ್ಟಿ ಸಂಶೋಧಕರ ಕೈಯಲ್ಲಿ ಹೆಚ್ಚು ದೂರ ಹೋಗುವುದಿಲ್ಲ. ಗುರುತಿಸಲು ಬಂದ ಎಲ್ಲ ಹಕ್ಕಿಗಳನ್ನೂ ದಾಖಲಿಸಿದ್ದೀರಾ ಎಂದು ಇಬರ್ಡ್ ಕೇಳುತ್ತದೆ. ಕಾಗೆ, ಪಾರಿವಾಳ ಬಿಟ್ಟು ಅಪರೂಪದವನ್ನು ಮಾತ್ರ ಬರೆದಿದ್ದರೆ ‘ಇಲ್ಲ’ ಎಂದೇ ಉತ್ತರಿಸಿ. ಕೂಗು ಮಾತ್ರ ಕೇಳಿದ್ದರೆ ಹಾಗೆಂದು ಬರೆಯಿರಿ. ಹಕ್ಕಿಯನ್ನು ಹೊರಗೆ ತರಿಸಲು ಮೊಬೈಲ್‌ನಲ್ಲಿ ಅದರ ಕೂಗು ನುಡಿಸುವುದು ಬೇಡವೇ ಬೇಡ. ಗೂಡು ಕಟ್ಟುವ ಕಾಲದಲ್ಲಿ ಇಲ್ಲದ ಶತ್ರುವಿನ ಜೊತೆ ಕಾದಾಡಲು ಹಕ್ಕಿಯನ್ನು ಎಬ್ಬಿಸಿದಂತಾಗುತ್ತದೆ.

ಹಂತ 7: ಖಾಡಿಯಲ್ಲಿ ರಾಜಹಂಸ ಎಣಿಸುವುದು

ಇಲ್ಲಿ ಗಡಿಯಾರಕ್ಕಿಂತ ಉಬ್ಬರ ಇಳಿತದ ಪಟ್ಟಿ ಮುಖ್ಯ. ಅದು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುತ್ತದೆ, ಆದ್ದರಿಂದ ಹೋದ ಭಾನುವಾರದ ವೇಳೆ ಈ ಭಾನುವಾರಕ್ಕೆ ನಡೆಯುವುದಿಲ್ಲ. ಐರೋಲಿಯ ದೋಣಿಯೂ ಇದನ್ನೇ ನೋಡಿ ಹೊರಡುತ್ತದೆ. ಪೂರ್ತಿ ಇಳಿತದಲ್ಲಿ ಹಕ್ಕಿಗಳು ಕೆಸರುಬಯಲಿನ ತುಂಬ ದೂರ ದೂರ ಹರಡಿರುತ್ತವೆ. ನೀರು ಏರತೊಡಗಿದಂತೆ ಉಳಿದ ಕೆಸರಿನ ಮೇಲೆ ಒತ್ತಾಗುತ್ತವೆ. ಎಣಿಸಲು ಆ ಹೊತ್ತು ಒಳ್ಳೆಯದು.

ಮೊದಲು ಬಗೆ ಬೇರ್ಪಡಿಸಿ. ದೊಡ್ಡ ರಾಜಹಂಸ ಎತ್ತರ, ಮೈ ಹೆಚ್ಚು ಬಿಳಿ, ಕೊಕ್ಕು ತಿಳಿ ಗುಲಾಬಿ, ತುದಿ ಮಾತ್ರ ಕಪ್ಪು. ಕಿರು ರಾಜಹಂಸ ಗಿಡ್ಡ, ಬಣ್ಣ ಗಾಢ, ಕೊಕ್ಕು ದೂರಕ್ಕೆ ಪೂರ್ತಿ ಕಪ್ಪಾಗಿಯೇ ಕಾಣುವಷ್ಟು ಕಡುಗೆಂಪು. ಮೈ ಬೂದುಗಂದಾಗಿರುವವು ಮರಿ ವಯಸ್ಸಿನವು, ಅವುಗಳನ್ನು ಬೇರೆ ಅಂಕಣದಲ್ಲಿ ಬರೆಯಿರಿ. ಖಾಡಿಯಲ್ಲಿ ಕಿರು ರಾಜಹಂಸಗಳೇ ಹೆಚ್ಚು. ನೀರಿನ ಸೂಕ್ಷ್ಮ ಪಾಚಿ ಅವುಗಳ ಮುಖ್ಯ ಆಹಾರ, ರೆಕ್ಕೆಯ ಬಣ್ಣ ಬರುವುದೂ ಅದರಿಂದಲೇ.

ಸಾವಿರಗಟ್ಟಲೆ ಹಕ್ಕಿಗಳನ್ನು ಒಂದೊಂದಾಗಿ ಎಣಿಸಲು ಹೋಗಬೇಡಿ. ಅಂಚಿನಲ್ಲಿ ಹತ್ತು ಹಕ್ಕಿ ಎಣಿಸಿ, ಅವು ಹಿಡಿದ ಜಾಗವನ್ನು ಕಣ್ಣಲ್ಲಿ ಇಟ್ಟುಕೊಳ್ಳಿ. ಅಂಥ ಹತ್ತು ಜಾಗ ಸೇರಿದರೆ ನೂರು. ಆ ನೂರರ ತುಂಡನ್ನು ಹಿಂಡಿನ ಮೇಲೆ ಎಡದಿಂದ ಬಲಕ್ಕೆ ಜರುಗಿಸುತ್ತ ಹೋಗಿ. ಹಿಂಡಿನ ನಡುಭಾಗ ಅಂಚಿಗಿಂತ ದಟ್ಟವಾಗಿರುವುದರಿಂದ ಅಲ್ಲಿ ತುಂಡನ್ನು ಮತ್ತೆ ಅಳೆದುಕೊಳ್ಳಬೇಕು. ಇಬ್ಬರಿದ್ದರೆ ಒಬ್ಬರ ಅಂಕಿ ಇನ್ನೊಬ್ಬರಿಗೆ ಹೇಳದೆ ಬರೆದು, ಕೊನೆಗೆ ಹೋಲಿಸಿ. ಅಂತರ ದೊಡ್ಡದಿದ್ದರೆ ಇಬ್ಬರೂ ಮತ್ತೆ ಎಣಿಸಿ. ನಡುವಿನದೊಂದು ಅಂಕಿಗೆ ಚೌಕಾಸಿ ಮಾಡಿ ಒಪ್ಪಿಕೊಳ್ಳುವುದು ಸಂತೆ ವ್ಯಾಪಾರ, ಗಣತಿಯಲ್ಲ. ಹಿಂಡಿನ ಅಂಚುಗಳು ಒಂದರ ಮೇಲೊಂದು ಬರುವಂತೆ ಸಾಲಾಗಿ ಚಿತ್ರಗಳನ್ನು ತೆಗೆದುಕೊಂಡರೆ ಮನೆಯಲ್ಲಿ ಚೌಕ ಎಳೆದು ತಾಳೆ ನೋಡಬಹುದು.

ಹಕ್ಕಿಗಳು ತಲೆಯೆತ್ತಿ ಒಂದೇ ದಿಕ್ಕಿಗೆ ಹೆಜ್ಜೆ ಹಾಕತೊಡಗಿದರೆ ದೋಣಿ ಅತಿ ಹತ್ತಿರ ಬಂದಿದೆ ಎಂದರ್ಥ. ನಡೆಸುವವರಿಗೆ ಹೇಳಿ ನಿಲ್ಲಿಸಿ. ಹಾರುವ ಹಿಂಡಿನ ಚಿತ್ರಕ್ಕಾಗಿ ಎಬ್ಬಿಸಿ ಎಂದು ದೋಣಿಯವರನ್ನು ಕೇಳುವ ಮಹಾನುಭಾವರೂ ಇದ್ದಾರೆ. ಅಂಥವರ ಜೊತೆ ದೋಣಿ ಹತ್ತಬೇಡಿ.

ಹಂತ 8: ಬುದ್ಧ ಪೂರ್ಣಿಮೆಯ ರಾತ್ರಿ

ವೈಶಾಖದ ಹುಣ್ಣಿಮೆಗೆ ಮಹಾರಾಷ್ಟ್ರದ ಅರಣ್ಯ ಇಲಾಖೆ ನೀರುಗುಂಡಿಗಳ ಬಳಿ ಪ್ರಾಣಿ ಗಣತಿ ನಡೆಸುವ ಪದ್ಧತಿ ಇದೆ. ಇತ್ತೀಚಿನ ವರ್ಷಗಳಲ್ಲಿ ‘ನಿಸರ್ಗಾನುಭವ’ ಎಂಬ ಹೆಸರಿನಲ್ಲೂ ಅನೇಕ ಕಡೆ ನಡೆಯುತ್ತದೆ. ಬೇಸಿಗೆಯಲ್ಲಿ ನೀರು ಅತಿ ಕಡಿಮೆ ಇರುವ ಹೊತ್ತು, ಸಂಜೆಯಿಂದ ಬೆಳಗಿನವರೆಗೂ ಚಂದ್ರನ ಬೆಳಕು. ಸ್ವಯಂಸೇವಕರನ್ನು ಅರಣ್ಯ ರಕ್ಷಕರ ಜೊತೆ ಮಚಾನಿನ (ಎತ್ತರದ ಅಟ್ಟಣೆಯ) ಮೇಲೆ ಕೂರಿಸುತ್ತಾರೆ. ಪ್ರಕಟಣೆ ಮರಾಠಿ ಪತ್ರಿಕೆಗಳಲ್ಲಿ ಬರುತ್ತದೆ, ಜಾಗ ಬೇಗ ತುಂಬುತ್ತದೆ. ಏಪ್ರಿಲ್ ಮಧ್ಯದಿಂದಲೇ ವಲಯ ಕಚೇರಿಯಲ್ಲಿ ವಿಚಾರಿಸುತ್ತಿರಿ.

ಮಚಾನು ಹತ್ತಿದ ಮೇಲೆ ಇಳಿಯುವಂತಿಲ್ಲ. ಶೌಚ ಮುಗಿಸಿ ಹತ್ತಿ. ಮೊಬೈಲ್ ಬರೀ ಮೌನದಲ್ಲಿಟ್ಟರೆ ಸಾಲದು, ಪರದೆಯ ಬೆಳಕೂ ಬೇಡ. ಕಂಪಿಸುವ ಸದ್ದು ಮರದ ಹಲಗೆಯ ಮೇಲೆ ಡೋಲಾಗುತ್ತದೆ. ರಕ್ಷಕರು ‘ಹಲೂ ನಕಾ’ ಎಂದು ಪಿಸುಗುಟ್ಟಿದರೆ ಅಲುಗಾಡಬೇಡಿ ಎಂದು, ಸೊಳ್ಳೆ ಕಚ್ಚುತ್ತಿದ್ದರೂ.

ಸಂಜೆಯ ಮೊದಲ ಪಾಳಿ ಹಕ್ಕಿಗಳದು. ಬಿಸಿಲು ಇಳಿಯುವ ಮುನ್ನ ಮುಸುವಗಳು ಬಂದು ಕುಡಿದು ಮರ ಸೇರುತ್ತವೆ. ಮಬ್ಬು ಕವಿದ ಮೇಲೆ ನತ್ತಿಂಗದ ಚಕ್ ಚಕ್ ಚಕ್ ಶುರು. ಚುಕ್ಕೆ ಜಿಂಕೆಗಳು ಬರುವ ಕ್ರಮ ನೋಡಬೇಕು. ಮೊದಲು ಒಂದು ಹೆಣ್ಣು ಪೊದೆಯ ಅಂಚಿಗೆ ಬಂದು ನಿಲ್ಲುತ್ತದೆ. ಕಿವಿ ಎರಡೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ, ಮುಂಗಾಲು ಎತ್ತಿ ಹಾಗೇ ಹಿಡಿಯುತ್ತದೆ, ಎರಡು ಹೆಜ್ಜೆ ಇಟ್ಟು ಮತ್ತೆ ನಿಲ್ಲುತ್ತದೆ. ಅದು ನೀರಿಗೆ ಬಾಯಿ ಹಚ್ಚಿದ ಮೇಲೆಯೇ ಹಿಂದಿನವು ಹೊರಬರುವುದು. ಎಲೆಯೊಂದು ಸರಕ್ಕೆಂದರೂ ಸಾಕು, ಎಲ್ಲವೂ ಮಾಯ. ಅರ್ಧ ಗಂಟೆ ಬಿಟ್ಟು ಒಂದು ಗುಂಪು ಮತ್ತೆ ಬರುತ್ತದೆ. ಅವೇ ಇರಬಹುದು, ಬೇರೆಯೂ ಇರಬಹುದು.

ಗಣತಿಯ ಕಷ್ಟವೆಲ್ಲ ಇರುವುದು ಇಲ್ಲೇ. ನೀವು ತೀರ್ಪು ಕೊಡಬೇಡಿ. ಪ್ರತಿ ಭೇಟಿಯನ್ನೂ ಬೇರೆ ಸಾಲಿನಲ್ಲಿ ಬರೆದು, ಷರಾ ಅಂಕಣದಲ್ಲಿ ‘ಹಿಂದಿನ ಗುಂಪೇ ಇರಬಹುದು’ ಎಂದು ಸೇರಿಸಿ. ಒಂದು ಸಾಲಿನಲ್ಲಿ ಇರಬೇಕಾದದ್ದು ಬಂದ ಹೊತ್ತು, ಹೋದ ಹೊತ್ತು, ಪ್ರಾಣಿ, ಒಮ್ಮೆಗೇ ಕಂಡ ಗರಿಷ್ಠ ಸಂಖ್ಯೆ, ಗಂಡು, ಹೆಣ್ಣು, ಮರಿ, ಬಂದ ದಿಕ್ಕು. ತಿಳಿಯದಿದ್ದರೆ ‘ತಿಳಿಯಲಿಲ್ಲ’. ಇನ್ನೂ ಕೆಲವು ಎಚ್ಚರಿಕೆಗಳಿವೆ.

ಹೊತ್ತನ್ನು ಇಪ್ಪತ್ತನಾಲ್ಕು ಗಂಟೆಯ ಲೆಕ್ಕದಲ್ಲಿ ಬರೆಯಿರಿ. ಮಧ್ಯರಾತ್ರಿ ದಾಟಿದೊಡನೆ ಹಾಳೆಯಲ್ಲಿ ಗೆರೆ ಎಳೆದು ಹೊಸ ತಾರೀಕು ಹಾಕಿ. ಹೀಗೆ ಬರೆಯದಿದ್ದರೆ ಎರಡು ಗಂಟೆಗೆ ಬಂದ ಮುಳ್ಳುಹಂದಿ ಹಗಲು ಬಂತೋ ರಾತ್ರಿ ಬಂತೋ ಎಂದು ಕಚೇರಿಯಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ಕೊಂಬಿಲ್ಲದ ಕಡವೆಯನ್ನು ಕಣ್ಣುಮುಚ್ಚಿ ಹೆಣ್ಣು ಎಂದು ಬರೆಯಬೇಡಿ, ಬೇಸಿಗೆಯಲ್ಲಿ ಗಂಡು ಕಡವೆಗಳು ಕೊಂಬು ಉದುರಿಸುತ್ತವೆ. ಕಾಡುಕುರಿ ನಾಯಿಯಂತೆಯೇ ಬೊಗಳುತ್ತದೆ. ಸುತ್ತಲೂ ವಸತಿ ಇರುವ ಈ ಕಾಡಿನಲ್ಲಿ ನಿಜವಾದ ನಾಯಿಗಳಿಗೂ ಕೊರತೆಯಿಲ್ಲ. ಕಾಣದ ಬೊಗಳುವಿಕೆಯನ್ನು ಕಾಡುಕುರಿಯ ಲೆಕ್ಕಕ್ಕೆ ಸೇರಿಸುವ ಮುನ್ನ ರಕ್ಷಕರನ್ನು ಕೇಳಿ. ನಾಯಿ ನೀರಿಗೆ ಬಂದರೆ ಅದನ್ನೂ ಬರೆಯಿರಿ, ಅದೂ ಮುಖ್ಯ ಮಾಹಿತಿಯೇ.

ಮುಂಗಾರುಪೂರ್ವ ಮಳೆ ಹಿಂದಿನ ದಿನ ಬಿದ್ದಿದ್ದರೆ ಕಾಡಿನ ತುಂಬ ಸಣ್ಣ ಸಣ್ಣ ನೀರು ನಿಂತಿರುತ್ತದೆ, ಪ್ರಾಣಿಗಳು ನಿಮ್ಮ ಗುಂಡಿಗೆ ಬರಬೇಕಾದ ಅಗತ್ಯವಿರುವುದಿಲ್ಲ. ಷರಾದಲ್ಲಿ ಮಳೆಯ ವಿಷಯ ಇಲ್ಲದಿದ್ದರೆ, ಆ ವರ್ಷ ಪ್ರಾಣಿಗಳೇ ಕಡಿಮೆಯಾದವು ಎಂದು ಅಂಕಿಗಳು ಸುಳ್ಳು ಹೇಳುತ್ತವೆ. ಮೋಡ ಕವಿದದ್ದನ್ನೂ ಬರೆಯಿರಿ.

ಈ ಗಣತಿಯ ಮಿತಿಯನ್ನೂ ಹೇಳಿಬಿಡಬೇಕು. ನೀರುಗುಂಡಿಯ ಅಂಕಿಯಿಂದ ಕಾಡಿನಲ್ಲಿ ಒಟ್ಟು ಎಷ್ಟು ಪ್ರಾಣಿಗಳಿವೆ ಎಂದು ಹೇಳಲಾಗದು. ಚಿರತೆಯ ಮಟ್ಟಿಗಂತೂ, ಪ್ರಾಣಿ ಎದುರು ಹಾದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪೇ ದಾರಿ. ಪ್ರತಿ ಚಿರತೆಯ ಮೈಯ ಚುಕ್ಕೆಗಳ ವಿನ್ಯಾಸ ಬೇರೆ, ಎರಡು ಪಕ್ಕೆಗಳದ್ದೂ ಬೇರೆ ಬೇರೆ. ಹಾಗೆ ಗುರುತಿಸಿಯೇ 2015ರ ಅಧ್ಯಯನದಲ್ಲಿ ಸಂಜಯ ಗಾಂಧಿ ಉದ್ಯಾನ ಮತ್ತು ಸುತ್ತಲ ಪ್ರದೇಶದಲ್ಲಿ 35 ಚಿರತೆಗಳ ಲೆಕ್ಕ ಸಿಕ್ಕಿತು. ಆದರೂ ಹುಣ್ಣಿಮೆಯ ಗಣತಿಯನ್ನು ನಾನು ತಳ್ಳಿಹಾಕುವುದಿಲ್ಲ. ಯಾವ ಗುಂಡಿಗೆ ಯಾವ ಪ್ರಾಣಿ ಬರುತ್ತಿದೆ, ಯಾವುದು ಬರುವುದನ್ನು ನಿಲ್ಲಿಸಿದೆ ಎಂಬುದು ವರ್ಷದಿಂದ ವರ್ಷಕ್ಕೆ ಹೋಲಿಸಿದರೆ ತಿಳಿಯುತ್ತದೆ. ಎಲ್ಲಿ ನೀರು ತುಂಬಿಸಬೇಕು, ಎಲ್ಲಿ ಗಸ್ತು ಹೆಚ್ಚಬೇಕು ಎಂದು ಯೋಚಿಸಲು ಅಷ್ಟು ಸಾಕು.

ಹಂತ 9: ಎಣಿಕೆಯಲ್ಲದ ಕೆಲಸಕ್ಕೂ ಕೈಜೋಡಿಸಿ

ಒಣ ಹುಲ್ಲಿನ ಕಾಲ ಬೆಂಕಿಯ ಕಾಲವೂ ಹೌದು. ಬೆಂಕಿ ಹರಡದಂತೆ ಹುಲ್ಲು ತೆಗೆದು ಬೆಂಕಿರೇಖೆ ಹೆರೆಯುವಲ್ಲಿ, ಕಸ ಹೆಕ್ಕುವಲ್ಲಿ ಇಲಾಖೆಗೆ ಕೈಗಳು ಬೇಕು. ಶಿವರಾತ್ರಿಯಂದು ಕಾನ್ಹೇರಿಗೂ ವಸಯಿ ಬಳಿಯ ತುಂಗಾರೇಶ್ವರದ ದೇವಸ್ಥಾನಕ್ಕೂ ಜನ ನುಗ್ಗುತ್ತಾರೆ. ಅಂದು ಹಕ್ಕಿ ಎಣಿಸಲು ಹೋಗುವುದು ವ್ಯರ್ಥ. ದಾರಿಯಲ್ಲಿ ನಿಂತು ಪ್ಲಾಸ್ಟಿಕ್ ತಡೆಯುವ ಕೆಲಸಕ್ಕೆ ಹೆಸರು ಕೊಡಿ. ಹೊಗೆ ಕಂಡರೆ, ಬೇಟೆಗಾರರ ಉರುಲು ಕಂಡರೆ, ಗಾಯಗೊಂಡ ಪ್ರಾಣಿ ಕಂಡರೆ ಮಹಾರಾಷ್ಟ್ರ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಕರೆ ಮಾಡಿ. ಉರುಲನ್ನು ನೀವೇ ಕಿತ್ತು ತರಬೇಡಿ. ಅದು ಸಾಕ್ಷ್ಯ.

ಹಂತ 10: ಅಪಾಯ ಎಲ್ಲಿದೆ

ಎಲ್ಲರೂ ಚಿರತೆಗೆ ಹೆದರುತ್ತಾರೆ, ಆದರೆ ಸ್ವಯಂಸೇವಕರನ್ನು ಮಲಗಿಸುವುದು ಹೆಚ್ಚಾಗಿ ಬಿಸಿಲು. ಮಾರ್ಚ್‌ನಲ್ಲೇ ಮುಂಬಯಿಯ ತಾಪ 38 ಡಿಗ್ರಿ ದಾಟುವುದುಂಟು, ತೇವ ಬೇರೆ. ಬೆವರು ನಿಂತಿತು, ತಲೆ ತಿರುಗಿತು ಎಂದರೆ ಕೆಲಸ ಅಲ್ಲಿಗೇ ಮುಗಿಯಿತು. ನೆರಳಿಗೆ ಬಂದು ಮೈಗೆ ನೀರು ಹಾಕಿಕೊಳ್ಳಿ.

ಆಮೇಲೆ ಮೈಗೆ ಕಚ್ಚಿ ಮಂಗನ ಕಾಯಿಲೆ ಹರಡುವ ಉಣ್ಣೆ ಹುಳು. ಶಿವಮೊಗ್ಗ, ಉತ್ತರ ಕನ್ನಡದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಈಗ ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಬಂದಿದೆ, ಅದರ ಕಾಲವೂ ಬೇಸಿಗೆಯೇ. ಮುಂಬಯಿಯಿಂದ ಆ ಕಡೆಯ ಕಾಡುಗಳಿಗೆ ಕೆಲಸಕ್ಕೆ ಹೋಗುವವರು ಸ್ಥಳೀಯ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿಯೇ ಒಳಹೋಗಿ. ಎಲ್ಲೇ ಆಗಲಿ, ಸತ್ತ ಮಂಗವನ್ನು ಮುಟ್ಟದೆ ಸುದ್ದಿ ಮುಟ್ಟಿಸಿ. ಪ್ಯಾಂಟಿನ ಅಂಚು ಕಾಲುಚೀಲದೊಳಗಿರಲಿ. ಮನೆಗೆ ಬಂದೊಡನೆ ಬಟ್ಟೆ ಬಿಸಿನೀರಿಗೆ, ನೀವು ಸ್ನಾನಕ್ಕೆ.

ಹಾವಿನ ಭಯಕ್ಕೆ ಬೂಟೂ ಟಾರ್ಚೂ ಅರ್ಧ ಮದ್ದು. ಕಲ್ಲಿನ ಸಂದಿಗೆ ಕೈ ಹಾಕದಿರುವುದು ಇನ್ನರ್ಧ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಯಾವುದೂ ಬೇಡ. ಅಂಗವನ್ನು ಅಲುಗಿಸದೆ 108ಕ್ಕೆ ಕರೆ ಮಾಡಿ. ಚಿರತೆ ಎದುರಾದರೆ ಓಡಬೇಡಿ, ಬಗ್ಗಬೇಡಿ, ಕೂರಬೇಡಿ. ನೆಟ್ಟಗೆ ನಿಂತು, ಬೆನ್ನು ತೋರಿಸದೆ, ಅದಕ್ಕೆ ದಾರಿ ಬಿಟ್ಟು ನಿಧಾನ ಹಿಂದೆ ಸರಿಯಿರಿ.

ಹಂತ 11: ಮನೆಗೆ ಬಂದ ಮೇಲೆ

ಅದೇ ದಿನ ದಾಖಲಿಸಿ. ನಾಳೆಗೆ ‘ಸುಮಾರು ಹತ್ತು’ ಎಂಬುದು ‘ಹನ್ನೆರಡಿರಬೇಕು’ ಆಗುತ್ತದೆ. ಹಕ್ಕಿಗಳು ಇಬರ್ಡ್‌ಗೆ, ಚಿಟ್ಟೆ, ಗಿಡ, ಹಾವು, ಹೆಜ್ಜೆಗುರುತು ಮೊದಲಾದವುಗಳ ಚಿತ್ರಗಳು ‘ಐನ್ಯಾಚುರಲಿಸ್ಟ್’ಗೆ. ಹೆಜ್ಜೆಗುರುತಿನ ಚಿತ್ರದಲ್ಲಿ ಪಕ್ಕಕ್ಕೊಂದು ಅಳತೆಪಟ್ಟಿ ಅಥವಾ ನಾಣ್ಯ ಇರಲಿ. ನಾಯಿಯ ಹೆಜ್ಜೆಯಲ್ಲಿ ಉಗುರು ಮೂಡುತ್ತದೆ, ನಡೆದುಹೋದ ಚಿರತೆಯದರಲ್ಲಿ ಸಾಮಾನ್ಯವಾಗಿ ಇಲ್ಲ.

ಗೂಡಿನ ಜಾಗ, ಚಿರತೆಯ ದಾರಿ, ಗೂಬೆ ಮಲಗುವ ಪೊಟರೆ ಇವುಗಳ ನಿಖರ ಸ್ಥಳವನ್ನು ಬಹಿರಂಗ ಮಾಡಬೇಡಿ. ಕೆಲವು ಜೀವಿಗಳ ಸ್ಥಳವನ್ನು ಈ ತಾಣಗಳು ತಾವೇ ಮಸುಕು ಮಾಡುತ್ತವೆ. ಮಾಡದಿದ್ದರೆ ನೀವು ಮಾಡಿ. ವಾಟ್ಸ್ಆ್ಯಪ್ ಗುಂಪಿಗೆ ಚಿತ್ರ ಹಾಕಿದರೆ ಮರುದಿನ ಆ ಮರದ ಕೆಳಗೆ ಇಪ್ಪತ್ತು ಕ್ಯಾಮೆರಾ ನಿಂತಿರುತ್ತವೆ. ಹಕ್ಕಿ ಗೂಡು ಬಿಟ್ಟುಹೋಗಲು ಅಷ್ಟೇ ಬೇಕು.

ಇಲಾಖೆಗೆ ಕೊಡುವ ಹಾಳೆಯ ಚಿತ್ರವೊಂದನ್ನು ಕೊಡುವ ಮೊದಲೇ ತೆಗೆದಿಟ್ಟುಕೊಳ್ಳಿ. ಕ್ರೋಡೀಕರಿಸಿದ ಫಲಿತಾಂಶ ಯಾವಾಗ ಸಿಗುತ್ತದೆ ಎಂದು ವಲಯ ಅಧಿಕಾರಿಯವರನ್ನು ವಿನಯದಿಂದ ಕೇಳಿ, ಸಿಗದಿದ್ದರೆ ಮತ್ತೊಮ್ಮೆ ಕೇಳಿ. ಖಾಡಿಯವರಿಗೆ ಮಳೆಗಾಲದಲ್ಲಿ ಬಿಡುವು, ರಾಜಹಂಸಗಳು ಮತ್ತೆ ಬರತೊಡಗುವುದು ನವೆಂಬರ್ ಹೊತ್ತಿಗೆ. ಮರ ಆರಿಸಿಕೊಂಡವರಿಗೆ ಬಿಡುವಿಲ್ಲ. ಜೂನ್‌ನ ಮೊದಲ ವಾರದ ಸಾಲನ್ನೂ ತುಂಬಬೇಕು, ಕೊಡೆ ಹಿಡಿದುಕೊಂಡೇ.